ಅಮಾವಾಸ್ಯೆಯ ದಿನ ನೋಡಿದ ಮನೆ

ಮನೆ ಕೊಳ್ಳುವುದು ಹೇಗೆ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಹೇಗೆ ಕೊಳ್ಳಬಾರದು ಎಂದು ಕೇಳಲು ಮಾತ್ರ ಅರ್ಧ ದೊಡ್ಡಬಳ್ಳಾಪುರ ನಮ್ಮ ಜಗುಲಿಗೆ ಬಂದು ಕೂರುತ್ತದೆ. ಬಂದವರಿಗೆ ನಾನು ಎಲ್ಲವನ್ನೂ ಗಂಟಲು ಹರಿಯುವಂತೆ ಕೂಗಿ ಹೇಳುತ್ತೇನೆ. ಅವರೂ ಕೂಗಿಯೇ "ಅಯ್ಯೋ ಪಾಪ!" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮರುಕವನ್ನು ಕೂಡ ಕೂಗದೆ ತೋರಿಸಲು ಬರುವುದಿಲ್ಲ. ಅದು ಯಾಕೆ ಎಂಬುದನ್ನು ನಿಮಗಾದರೂ ಮೆಲ್ಲಗೆ, ಕಾಗದದ ಮೇಲೆ ಹೇಳಿಬಿಡುತ್ತೇನೆ.

ಎಲ್ಲಕ್ಕೂ ಮೂಲ ನನ್ನ ಗುರುಭಕ್ತಿ. ಗುರುಗಳನ್ನು ನಾನು ಕಂಡವನಲ್ಲ. 'ಗೃಹಚಂದ್ರಿಕೆ' ಮಾಸಪತ್ರಿಕೆಯಲ್ಲಿ 'ಸುಖಜೀವಿ' ಎಂಬ ಹೆಸರಿನಲ್ಲಿ ಒಬ್ಬ ಮಹನೀಯರು ಸುಖವಾಗಿ ಬಾಳುವುದು ಹೇಗೆ ಎಂದು ತಿಂಗಳು ತಿಂಗಳೂ ಬರೆಯುತ್ತಿದ್ದರು. ಯುದ್ಧ ಬಂದು ಕಾಗದ ಸಿಕ್ಕದೆ ಪತ್ರಿಕೆ ದೀಪಾವಳಿಯ ಒಬ್ಬಟ್ಟಿನ ಹಾಗೆ ತೆಳ್ಳಗಾಯಿತು. ಕಥೆ ಹೋಯಿತು, ಕವನ ಹೋಯಿತು, ಕೂದಲೆಣ್ಣೆಯ ಜಾಹೀರಾತು ಕೂಡ ಹೋಯಿತು. ಸುಖಜೀವಿಗಳ ಪುಟ ಮಾತ್ರ ಹೋಗಲಿಲ್ಲ. ಪ್ರಪಂಚವೆಲ್ಲ ಹೊತ್ತಿ ಉರಿಯುತ್ತಿರುವಾಗ ತಣ್ಣೀರು ಕುಡಿಯಿರಿ ಎಂದು ಹೇಳುವ ಧೈರ್ಯ ಇನ್ನು ಯಾರಿಗಿದೆ? ನಾನು ಅವರಿಗೆ ಮರುಳಾಗಿಬಿಟ್ಟೆ.

ಅವರು ಹೇಳಿದ್ದನ್ನೆಲ್ಲ ಮಾಡಿದೆ. "ಪ್ರತಿಯೊಂದು ತುತ್ತನ್ನೂ ಹಲ್ಲಿಗೊಂದು ಸಲದಂತೆ ಅಗಿದು ನುಂಗತಕ್ಕದ್ದು" ಎಂದು ಬರೆದರು. ಸುಖಜೀವಿಗಳು ರಾಗಿಮುದ್ದೆಯನ್ನು ಕಂಡವರಲ್ಲವೆಂದು ತೋರುತ್ತದೆ. ನಮ್ಮ ಕಡೆ ಹಾಲುಗಲ್ಲದ ಮಗುವಿಗೂ ಗೊತ್ತು, ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ಗುಳುಕ್ ಅನ್ನಿಸಬೇಕು, ಹಲ್ಲಿಗೆ ತೋರಿಸಬಾರದು. ನಾನು ತೋರಿಸಿದೆ. ಮುದ್ದೆ ಹಲ್ಲಿಗೂ ಅಂಗುಳಿಗೂ ಗಾರೆ ಮೆತ್ತಿದ ಹಾಗೆ ಮೆತ್ತಿಕೊಂಡು, ಬಾಯಿ ತೆಗೆಯಲೂ ಆಗದೆ ಮುಚ್ಚಲೂ ಆಗದೆ ಕಣ್ಣು ಕಣ್ಣು ಬಿಟ್ಟೆ.

ನನ್ನ ಹೆಂಡತಿ ಮುನಿತಾಯಮ್ಮ ಸಾರಿನ ಸೌಟು ಬಿಸಾಡಿ ಓಡಿ ಬಂದಳು. "ಯಾಕ್ರೀ, ಮಾತೇ ಆಡ್ತಾ ಇಲ್ಲ? ಲಕ್ವ ಏನಾದ್ರೂ ಹೊಡೀತಾ?"

"ಉಂ… ಉಮ್ಮೂ…" ಎಂದೆ. (ಸುಖಜೀವಿಗಳ ಹೆಸರು ಹೇಳಿದ್ದು.)

ವಿಷಯ ತಿಳಿದ ಮೇಲೆ ಅವಳು ಎರಡು ದಿನ ಮುದ್ದೆ ಬಡಿಸುವಾಗಲೆಲ್ಲ, "ನಿಮಗೆ ಮುದ್ದೆ ಜೊತೆಗೆ ಒಂದು ಉಳಿ ಸುತ್ತಿಗೆ ಇಡ್ಲಾ?" ಎಂದು ಕೇಳಿದಳು. ಗುರುನಿಂದೆ ಕೇಳಬಾರದೆಂದು ಕಿವಿ ಮುಚ್ಚಿಕೊಂಡೆ. (ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ಮುಂದೆ ಬಹಳ ಉಪಯೋಗಕ್ಕೆ ಬಂತು.)

ನಾವು ಆಗ ಇದ್ದದ್ದು ರೈಲು ಸ್ಟೇಷನ್ನಿನ ಕಡೆ, ಮುನಿವೆಂಕಟಮ್ಮ ಎಂಬ ಮುದುಕಿಯ ವಠಾರದಲ್ಲಿ. ಹೊಸಕೋಟೆಯಿಂದ ವರ್ಗವಾಗಿ ಈ ಊರಿನ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಬಂದು ನನಗಿನ್ನೂ ಒಂದು ಬೇಸಿಗೆ ಕೂಡ ಕಳೆದಿರಲಿಲ್ಲ. ಕೊಠಡಿ ಎಷ್ಟು ದೊಡ್ಡದೆಂದರೆ, ಸುಖಜೀವಿಗಳ ಅಪ್ಪಣೆಯಂತೆ ಪೂರ್ವಕ್ಕೆ ತಲೆ ಹಾಕಿ ಮಲಗಿದರೆ ಕಾಲು ಹೊಸಲು ದಾಟಿ ಅಂಗಳಕ್ಕೆ ಹೋಗುತ್ತಿತ್ತು. ಒಂದು ದಿನ ಬೆಳಗಿನ ಜಾವ ಯಾರೋ ನನ್ನ ಪಾದಸೇವೆ ಮಾಡುತ್ತಿದ್ದ ಹಾಗಾಗಿ, ಹೆಂಡತಿಗೆ ಇಷ್ಟೊಂದು ಭಕ್ತಿ ಯಾವಾಗ ಬಂತಪ್ಪ ಎಂದು ಎದ್ದು ನೋಡಿದರೆ, ಮುನಿವೆಂಕಟಮ್ಮನ ಎಮ್ಮೆ ನೆಕ್ಕುತ್ತಿತ್ತು.

ಆ ಎಮ್ಮೆಯೇ ವಠಾರದ ಮಹಾರಾಣಿ. ಇದ್ದದ್ದು ಒಂದೇ ಬಾವಿ. ಮೊದಲು ಎಮ್ಮೆಯ ಮಜ್ಜನವಾಗಬೇಕು, ಆಮೇಲೆ ಮುನಿವೆಂಕಟಮ್ಮನ ಮಡಿ, ಆಮೇಲೆ ಬಾಡಿಗೆಯವರು. ಅಷ್ಟು ಹೊತ್ತಿಗೆ ಬಾವಿಯ ತಳದಲ್ಲಿ ಕೊಡ ಕೆರೆದುಕೊಂಡು ಮೇಲೆ ಬರುತ್ತಿತ್ತು. ಮುನಿತಾಯಮ್ಮ ಜಡಿಗೇನಹಳ್ಳಿಯ ರೈತರ ಮಗಳು. ತವರಿನಲ್ಲಿ ಎತ್ತು ಎಳೆಯುವ ಕಪಿಲೆ ಬಾವಿಯ ನೀರು ಕಾಲುವೆಯಲ್ಲಿ ಹರಿಯುವುದನ್ನು ನೋಡಿ ಬೆಳೆದವಳು. ಅವಳಿಗೆ ಎಮ್ಮೆಯ ಹಿಂದೆ ಸರದಿ ನಿಲ್ಲುವುದನ್ನು ಸಹಿಸಲಾಗಲಿಲ್ಲ.

"ನೋಡ್ರೀ, ನನಗೆ ಸೀರೆ ಬೇಡ, ಒಡವೆ ಬೇಡ. ಹಿತ್ತಲಲ್ಲಿ ಒಂದು ಬಾವಿ ಇರೋ ಮನೆ ಬೇಕು. ನನ್ನ ಕೊಡ, ನನ್ನ ಹಗ್ಗ, ನನ್ನ ಬಾವಿ. ಯುಗಾದಿ ಒಳಗೆ ಆಗ್ಲಿಲ್ಲಾ ಅಂದ್ರೆ ನಾನು ನಮ್ಮೂರಿಗೆ ಹೋಗ್ತೀನಿ. ನೀವು, ಎಮ್ಮೆ, ಇಬ್ಬರೂ ಸುಖವಾಗಿರಿ."

ಹೀಗೆ ನಾನು ಮನೆ ನೋಡಲು ಹೊರಟೆ. ಅದೇ ತಿಂಗಳು 'ಗೃಹಚಂದ್ರಿಕೆ'ಯಲ್ಲಿ "ಮನೆ ಕೊಳ್ಳುವವರಿಗೆ ಕಿವಿಮಾತು" ಬರಬೇಕೇ! ಗುರುಗಳಿಗೆ ನನ್ನ ಮನಸ್ಸು ತಿಳಿದಿತ್ತೆಂದು ರೋಮಾಂಚನವಾಯಿತು. "ನಿಶ್ಶಬ್ದವೇ ಮನೆಯ ಐದನೆಯ ಗೋಡೆ. ಗದ್ದಲದ ಮನೆಯಲ್ಲಿ ಜೀರ್ಣಶಕ್ತಿಯೂ ದಾಂಪತ್ಯವೂ ಕೆಡುತ್ತವೆ" ಎಂದು ಬರೆದಿದ್ದರು. ಇನ್ನೊಂದು ಮಾತು: "ಬೇರೆ ಗಿರಾಕಿಗಳು ಬಾರದ ದಿನ ಹೋಗಿ ಮನೆ ನೋಡಿದರೆ ಮಾರುವವನು ಮೆತ್ತಗಾಗುತ್ತಾನೆ."

ಬೇರೆ ಗಿರಾಕಿಗಳು ಬಾರದ ದಿನ! ಅದು ಯಾವುದು? ಮೂರು ದಿನ ಯೋಚಿಸಿದೆ. ಗೋಡೆಗೆ ತೂಗುಹಾಕಿದ್ದ ಪಂಚಾಂಗದ ಮೇಲೆ ಕಣ್ಣು ಬಿತ್ತು. ಆಹಾ!

"ಲೇ, ನಾಳೆ ಅರ್ಧ ದಿನ ರಜ ಹಾಕ್ತೀನಿ. ಪೇಟೆ ಕಡೆ ಆದಿನಾರಾಯಣಪ್ಪ ಅನ್ನೋರ ಮನೆ ಒಂದು ಮಾರಾಟಕ್ಕಿದೆಯಂತೆ. ನೋಡ್ಕೊಂಡು ಬರ್ತೀನಿ."

"ನಾಳೆ ಅಮಾಸೆ ಕಣ್ರೀ!"

"ಅದಕ್ಕೇ ಹೋಗ್ತಿರೋದು."

"ಅಮಾಸೆ ದಿನ ಹಿತ್ತಲ ಬೇಲಿ ಕೂಡ ಯಾರೂ ನೋಡಲ್ಲ, ಇವರು ಮನೆ ನೋಡ್ತಾರಂತೆ! ಬೇಡಿ."

"ನಿನಗೇನು ಗೊತ್ತಾಗುತ್ತೆ? ಬೇರೆ ದಿನ ಹೋದ್ರೆ ಇನ್ನೂ ನಾಲ್ಕು ಜನ ಬಂದಿರ್ತಾರೆ. ಅಮಾವಾಸ್ಯೆ ದಿನ ಹೋಗೋನು ನಾನೊಬ್ಬನೇ. ಮಾರೋನು ನನ್ನ ನೋಡಿ ಸಾಕ್ಷಾತ್ ದೇವರೇ ಬಂದ ಅಂತ ಕೈ ಮುಗೀತಾನೆ."

"ದೇವರು ಅಮಾಸೆ ದಿನ ಬರಲ್ಲ. ಆವತ್ತು ಬರೋದು ಬೇರೆ."

"ಇಪ್ಪತ್ತನೇ ಶತಮಾನ ಕಣೇ ಇದು! ಆಕಾಶದಲ್ಲಿ ವಿಮಾನ ಹಾರ್ತಾ ಇದೆ!"

"ಹಾರ್ಲಿ. ಅದರಲ್ಲಿರೋನು ಮನೆ ನೋಡೋಕೆ ಹೋಗ್ತಾ ಇದ್ದಾನಾ? ನಾನು ಹೇಳ್ತೀನಿ ಕೇಳಿ, ನಾಳೆ ಒಂದು ದಿನ ಬಿಟ್ಟು ಯಾವತ್ತಾದ್ರೂ ಹೋಗಿ. ನಾಳೆ ಮಾತ್ರ ಬೇಡವೇ ಬೇಡ."

ಬೇಡವೇ ಬೇಡ ಎಂದ ಮೇಲೆ ಗಂಡಸಾದವನು ಹೋಗದೆ ಇರುವುದು ಹೇಗೆ? ಬೆಳಿಗ್ಗೆ ಎದ್ದು ನೋಡಿದರೆ ಎಂದಿಗಿಂತ ಮುಂಚೆ ಮುದ್ದೆ ಆಗಿತ್ತು. ಕೋಟನ್ನು ಕೊಡವಿ ಮೊಳೆಗೆ ತಗುಲಿಸಿದ್ದಳು. ಬಾಯಲ್ಲಿ ಬೇಡ ಅಂದರೂ ಒಳಗೆ ಪತಿಭಕ್ತಿ ಇದೆ ಎಂದು ಹೆಮ್ಮೆಪಟ್ಟು ಹೊರಟೆ.

ಆ ಬೀದಿಯನ್ನು ನೀವು ಆವತ್ತು ನೋಡಬೇಕಾಗಿತ್ತು. ಎರಡು ಕಡೆಯೂ ಸಾಲು ಮನೆಗಳು, ತಗ್ಗು ಸೂರು, ತೊಳೆದಿಟ್ಟ ಜಗುಲಿ. ಒಂದು ಸೊಲ್ಲಿಲ್ಲ. ಜಗುಲಿಯ ಮೇಲೆ ಗಂಡಸರು ಹಣೆಗೆ ವಿಭೂತಿ ಹಚ್ಚಿಕೊಂಡು ಸುಮ್ಮನೆ ಕೂತಿದ್ದರು. ಕೆಲವರು ಮಲಗಿದ್ದರು. ನಾಯಿಯೊಂದು ನನ್ನನ್ನು ನೋಡಿ ಬೊಗಳಲು ಬಾಯಿ ತೆಗೆದು, ಬೀದಿಯ ಮರ್ಯಾದೆಗೆ ಅಂಜಿ ಆಕಳಿಸಿ ಮಲಗಿತು. ಇದು ಬೀದಿಯಲ್ಲ, ಋಷ್ಯಾಶ್ರಮ ಎಂದುಕೊಂಡೆ.

ಆದಿನಾರಾಯಣಪ್ಪನವರು ವೀಳ್ಯದೆಲೆಯ ವ್ಯಾಪಾರಿ. ಬಾಯಿ ತುಂಬ ಅವರ ಸರಕೇ ಇರುತ್ತಿದ್ದರಿಂದ ಮಾತು ಬಹಳ ಕಡಿಮೆ. ಅಮಾವಾಸ್ಯೆಯ ದಿನ ಗಿರಾಕಿ ಬಂದದ್ದು ಕಂಡು ಒಂದು ಗಳಿಗೆ ಬೆರಗಾಗಿ ನಿಂತು, ಆಮೇಲೆ ಬೀಗದ ಕೈ ತೆಗೆದುಕೊಂಡು ಹೆಚ್ಚುಕಡಿಮೆ ಓಡುತ್ತಲೇ ಬಂದರು.

ಬೀದಿಯ ಉದ್ದಕ್ಕೂ ಅಲ್ಲಲ್ಲಿ ಗೂಟ ನೆಟ್ಟಿದ್ದವು. "ಇವು ದನ ಕಟ್ಟೋ ಗೂಟ ಅಲ್ವೇ?" ಎಂದು ಕೇಳಿದೆ. ರೈತರ ಮಗ ನಾನು, ಗೂಟ ನನಗೆ ತಿಳಿಯದೆ?

"ನೀವೇನಂದ್ರೆ ಅದೇ ಸ್ವಾಮಿ" ಎಂದರು ಆದಿನಾರಾಯಣಪ್ಪ.

ಒಳಗೆ ಹೋದೆವು. ಪಡಸಾಲೆಯ ನಡುವೆ ಮೊಣಕಾಲು ಆಳದ ಚೌಕದ ಗುಂಡಿಯೊಂದಿತ್ತು. ನನಗೆ ಆನಂದ ತಡೆಯಲಾಗಲಿಲ್ಲ. "ಹಗೇವು! ಮನೆ ಒಳಗೇ ಹಗೇವು!" ಎಂದೆ. ನಮ್ಮೂರಲ್ಲಿ ರಾಗಿ ತುಂಬಿಡುವ ಹಗೇವು ಆಳುದ್ದ ಇರುತ್ತಿತ್ತು. ಪಟ್ಟಣದವರು ರಾಗಿ ತಿನ್ನುವುದು ಕಡಿಮೆ, ಅದಕ್ಕೆ ತಕ್ಕ ಹಗೇವು ಎಂದು ನಾನೇ ಸಮಾಧಾನ ಹೇಳಿಕೊಂಡೆ.

"ಹಗೇವು ತಾನೇ ಇದು?"

"ನೀವೇನಂದ್ರೆ ಅದೇ ಸ್ವಾಮಿ."

ಹಿತ್ತಲಲ್ಲಿ ಬಾವಿ. ಕಲ್ಲು ಕಟ್ಟಿದ, ರಾಟೆ ಇದ್ದ, ಬಗ್ಗಿ ನೋಡಿದರೆ ಆಕಾಶ ಕಾಣುವ ಬಾವಿ. ಒಂದು ಕಲ್ಲು ಹಾಕಿದೆ. ಗುಳುಂ ಎಂದದ್ದು ಇಡೀ ಬೀದಿಗೆ ಕೇಳಿಸಿತು. ಕಣ್ಣು ಮುಚ್ಚಿ, ಸುಖಜೀವಿಗಳನ್ನು ಮನಸ್ಸಿನಲ್ಲಿ ನೆನೆದು, "ಎಂಥಾ ನಿಶ್ಶಬ್ದ! ಈ ಬೀದಿ ಯಾವಾಗಲೂ ಹೀಗೇನಾ?" ಎಂದೆ.

ಆದಿನಾರಾಯಣಪ್ಪ ಎಲೆಯ ರಸವನ್ನು ನುಂಗಿ, ಮೊದಲಿಗಿಂತ ಮೆಲ್ಲಗೆ, "ನೀವೇನಂದ್ರೆ ಅದೇ ಸ್ವಾಮಿ" ಎಂದರು.

ಇಂಥ ವಿನಯವಂತರನ್ನು ನಾನು ಕಂಡಿರಲಿಲ್ಲ. ಬೆಲೆಯೂ ಅಷ್ಟೇ ವಿನಯವಾಗಿತ್ತು. ಮಾತು ಕೊಟ್ಟೇ ಬಂದೆ.

ಮನೆಗೆ ಬಂದರೆ ಮುನಿತಾಯಮ್ಮ ಮುಖ ಊದಿಸಿಕೊಂಡು ಕೂತಿದ್ದಳು. "ಬೇಡ ಅಂದ್ರೂ ಹೋದ್ರಿ" ಎಂದಳು. ಊದಿಸಿದ ಮುಖದಲ್ಲೇ, "ಬಾವಿ ಇದೆಯಾ?" ಎಂದಳು.

"ಇದೆ."

"ನೀರು?"

"ಎಳನೀರು."

ಅವಳು ಎದ್ದು ಒಳಗೆ ಹೋದಳು. ಕತ್ತಿನ ಚಿನ್ನದ ಅಡ್ಡಿಕೆ ಬಿಚ್ಚಿ ತಂದು ನನ್ನ ಕೈಗೆ ಹಾಕಿದಳು. ಅದು ಅವಳ ತಾಯಿ ಧಾರೆಯ ದಿನ ಹಾಕಿದ್ದು. ಅವಳ ಬರಿಯ ಕತ್ತನ್ನು ನೋಡಿ ಅದನ್ನು ಹಿಂದಕ್ಕೆ ನೀಡಿದೆ. "ಬೇಡ ಕಣೇ, ಹೇಗಾದ್ರೂ ಮಾಡ್ತೀನಿ" ಎಂದೆ.

"ಹೇಗಾದ್ರೂ ಅಂದ್ರೆ ಹೇಗೆ? ಹೋಗಿ, ಅವರು ಮನಸ್ಸು ಬದಲಾಯಿಸೋದ್ರೊಳಗೆ ಬರೆಸ್ಕೊಳ್ಳಿ" ಎಂದಳು.

ಸುಣ್ಣ ಬಳಿಸುವುದು, ಬಾವಿ ಕೆಸರು ತೆಗೆಸುವುದು, ಎಲ್ಲ ತಾನೇ ನೋಡಿಕೊಳ್ಳುತ್ತೇನೆಂದಳು. "ನೀವು ಕಚೇರಿ ಬಿಟ್ಟು ಯಾಕೆ ಬರ್ತೀರಿ? ದಣಿವಾಗುತ್ತೆ. ಗೃಹಪ್ರವೇಶದ ದಿನ ಪೇಟ ಕಟ್ಕೊಂಡು ಬನ್ನಿ ಸಾಕು." ಅವಳ ಈ ಅಕ್ಕರೆಯನ್ನು ಕಚೇರಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಗೃಹಪ್ರವೇಶಕ್ಕೆ ಮುಹೂರ್ತವನ್ನು ಮುನಿತಾಯಮ್ಮನೇ ಇಡಿಸಿದಳು. ಶುಕ್ರವಾರ, ಬೆಳ್ಳಂಬೆಳಗ್ಗೆ. ಬೀದಿ ಇನ್ನೂ ಮಲಗಿತ್ತು. ಹಸುವನ್ನು ಒಳಗೆ ತಂದದ್ದಾಯಿತು, ಒಲೆ ಹಚ್ಚಿ ಹಾಲು ಇಟ್ಟದ್ದಾಯಿತು. ನಾನು ಪೇಟ ಕಟ್ಟಿಕೊಂಡು ಮನೆಯ ಐದನೆಯ ಗೋಡೆಯನ್ನು ಸವಿಯುತ್ತಾ ಕೂತಿದ್ದೆ. ಹಾಲು ಏರಿತು, ಏರಿತು, ಉಕ್ಕಿತು.

ಅದೇ ಕ್ಷಣಕ್ಕೆ ಬೀದಿಯೂ ಉಕ್ಕಿತು.

ಲಟಕ್-ಪಟಕ್. ಲಟಕ್-ಪಟಕ್. ಮೊದಲು ಎಡಗಡೆ ಗೋಡೆಯಿಂದ. ಆಮೇಲೆ ಬಲಗಡೆಯಿಂದ. ಆಮೇಲೆ ಎದುರು ಸಾಲಿನಿಂದ. ಕಾಲು ಗಳಿಗೆಯಲ್ಲಿ ಇಡೀ ಬೀದಿ ಸಾವಿರ ಹಲ್ಲಿಯಾಗಿ ಲೊಚಗುಟ್ಟಿತು. ತೊಲೆಯಿಂದ ಹೊಸ ಸುಣ್ಣ ಉದುರಿ ಹಾಲಿಗೆ ಬಿತ್ತು. ಹಸು ಬಾಲ ಎತ್ತಿಕೊಂಡು, ಮಾಡಬಾರದ್ದನ್ನು ಮಾಡಿ, ಹೊರಗೆ ಓಡಿತು.

ನಾನೂ ಓಡಿದೆ. ಪಕ್ಕದ ಮನೆಯ ಬಾಗಿಲಲ್ಲಿ ಬಗ್ಗಿ ನೋಡಿದರೆ, ನನ್ನ 'ಹಗೇವಿ'ನಂಥದೇ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟುಕೊಂಡು ಒಬ್ಬ ಕೂತಿದ್ದಾನೆ, ಎದುರಿಗೆ ಮಗ್ಗ! ನನ್ನ ಪೇಟ ಕಂಡು ಕೈ ನಿಲ್ಲಿಸಿದ.

"ಬನ್ನಿ ಬನ್ನಿ ಗುಮಾಸ್ತ್ರೇ! ನಾನು ಬೈಲಪ್ಪ. ಹಾಲು ಉಕ್ತಾ?"

"ಇದೇನ್ರೀ ಇದು? ಇಡೀ ಬೀದಿ ಮಗ್ಗಾನಾ?"

"ಮತ್ತೆ? ನೇಕಾರರ ಬೀದೀಲಿ ಇನ್ನೇನು ಇರ್ತದೆ ಸ್ವಾಮಿ?"

"ನಾನು ಬಂದ ದಿನ ಇರಲಿಲ್ಲವಲ್ಲ!"

"ಯಾವತ್ತು ಬಂದಿದ್ರಿ?"

"ಅಮಾವಾಸ್ಯೆ ದಿನ."

ಬೈಲಪ್ಪ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಅಮಾಸೆ ದಿನ ನಾವು ಮಗ್ಗ ಮುಟ್ಟಾಕಿಲ್ಲ ಸ್ವಾಮಿ. ನಮಗೆ ತಿಂಗಳಿಗೆ ಅದೊಂದೇ ರಜ. ಅಮಾಸೆ ದಿನ ಮನೆ ನೋಡಾಕೆ ಯಾರಾನಾ ಬತ್ತಾರಾ?"

ಬೀದಿಯ ಗೂಟಗಳು ದನಕ್ಕಲ್ಲ, ನೂಲಿನ ಹಾಸು ಎಳೆದು ಕಟ್ಟುವುದಕ್ಕೆ ಎಂಬುದೂ ಆವತ್ತೇ ತಿಳಿಯಿತು. ಸೀದಾ ಎಲೆ ಅಂಗಡಿಗೆ ಹೋದೆ.

"ನಿಶ್ಶಬ್ದ ಅಂದ್ರಲ್ಲ ನೀವು!"

"ನಾನಂದ್ನಾ?" ಆದಿನಾರಾಯಣಪ್ಪನವರಿಗೆ ನಿಜವಾಗಿಯೂ ನೋವಾಗಿತ್ತು. "ನೀವಂದ್ರಿ ಸ್ವಾಮಿ. ಹಗೇವು ಅಂದ್ರಿ, ದನದ ಗೂಟ ಅಂದ್ರಿ, ನಿಶ್ಶಬ್ದ ಅಂದ್ರಿ. ದೊಡ್ಡೋರು, ಓದಿದೋರು, ಎದುರಾಡಬಾರದು ಅಂತ ಸುಮ್ನಿದ್ದೆ. ಎಲೆ ಹಾಕ್ಕೊಳ್ಳಿ."

ಎಲೆ ಹಾಕಿಕೊಂಡು ಬಂದೆ. ಇನ್ನೇನು ಮಾಡಲಿ?

ಆಮೇಲಿನ ನನ್ನ ಬಾಳನ್ನು ಏನು ಹೇಳಲಿ! ಕಿವಿಗೆ ಹತ್ತಿ ಇಟ್ಟುಕೊಂಡೆ. ಹೆಂಡತಿ ಹೇಳಿದ್ದು ಕೇಳಿಸದೆ ಉಪ್ಪು ತರುವಲ್ಲಿ ಸೊಪ್ಪು ತಂದೆ, ಸೊಪ್ಪು ತರುವಲ್ಲಿ ಸುಮ್ಮನೆ ಬಂದೆ. ಕಚೇರಿಯಲ್ಲೂ ಕೂಗಿಯೇ ಮಾತಾಡುವ ಚಾಳಿ ಬಿತ್ತು. ಒಂದು ದಿನ ಅಮಲ್ದಾರರು, "ರಾಮಾಂಜಿನಪ್ಪ, ನಾನು ಇಲ್ಲೇ ಕೂತಿದ್ದೀನಯ್ಯ, ಬೆಂಗಳೂರಲ್ಲಿಲ್ಲ" ಎಂದರು. ದಿಕ್ಕು ತೋಚದೆ ಗುರುಗಳಿಗೇ ಬರೆದೆ. ಪತ್ರಿಕೆಯಲ್ಲಿ ಉತ್ತರ ಬಂತು: "ಗದ್ದಲವಿರುವುದು ಬೀದಿಯಲ್ಲಲ್ಲ, ಮನಸ್ಸಿನಲ್ಲಿ. ಬೆಳಿಗ್ಗೆ ಎದ್ದು ತಣ್ಣೀರು ಕುಡಿಯಿರಿ." ಕುಡಿದೆ. ಶೀತವಾಯಿತು. ನನ್ನ ಸೀನು ಮಾತ್ರ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ, ಅದೊಂದೇ ಲಾಭ.

ಆಶ್ಚರ್ಯವೆಂದರೆ ಮುನಿತಾಯಮ್ಮ ಒಂದು ದಿನವೂ ಗೊಣಗಲಿಲ್ಲ. ಬೆಳಿಗ್ಗೆ ಎದ್ದು ಬಾವಿಯಿಂದ ನೀರು ಸೇದುವಾಗ ಅವಳ ಮುಖ ನೋಡಬೇಕು. ಬೇಕಾಗಿದ್ದಕ್ಕಿಂತ ನಾಲ್ಕು ಕೊಡ ಹೆಚ್ಚಿಗೆ ಸೇದಿ ಹಿತ್ತಲ ತುಂಬ ಅವರೆ, ಕುಂಬಳ, ಕನಕಾಂಬರ ಬೆಳೆಸಿದಳು. ಒಂದು ಸಲ ಮುನಿವೆಂಕಟಮ್ಮನನ್ನು ಊಟಕ್ಕೆ ಕರೆದು, ಬಾವಿಯ ಪಕ್ಕದಲ್ಲೇ ಎಲೆ ಹಾಕಿದಳು. ಬೈಲಪ್ಪನ ಹೆಂಡತಿ ಲಕ್ಕಮ್ಮನಿಗೂ ಇವಳಿಗೂ ಹಿಂದಿನ ಜನ್ಮದ ನಂಟು ಎನ್ನುವ ಹಾಗೆ ಸ್ನೇಹವಾಯಿತು. ಆ ಗದ್ದಲದಲ್ಲಿ ಅವರಿಬ್ಬರು ತುಟಿ ನೋಡಿಕೊಂಡೇ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಒಂದು ಸಂಜೆ ನಾನು ಬರುವ ಹೊತ್ತಿಗೆ ನಮ್ಮ ಪಡಸಾಲೆಯ ಗುಂಡಿಗೆ ಮಗ್ಗ ಬಂದು ಕೂತಿತ್ತು!

"ಲಕ್ಕಮ್ಮನ ಅತ್ತೆ ಕಾಲದ್ದು. ಅಟ್ಟದ ಮೇಲೆ ಬಿದ್ದಿತ್ತು. ಗುಂಡಿ ಹೇಗೂ ಖಾಲಿ ಇತ್ತಲ್ಲ, ಹಾಕಿಸ್ಕೊಂಡೆ" ಎಂದಳು.

"ಅದು ಹಗೇವು ಕಣೇ!" ಎಂದು ಕಿರುಚಿದೆ.

"ಹಗೇವಿಗೆ ತುಂಬೋಕೆ ರಾಗಿ ಎಲ್ಲಿ ಬೆಳ್ದಿದ್ದೀರಿ, ಕಚೇರೀಲಾ?"

ಅವಳು ಕಲಿಯತೊಡಗಿದಳು. ಬೀದಿಯದು ಲಟಕ್-ಪಟಕ್. ನಮ್ಮ ಮನೆಯದು ಲಟಕ್… (ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ)… (ಇನ್ನೂ ಇಲ್ಲ)… ಪಟಕ್. ಬೀದಿಯ ಎಲ್ಲಾ ಮಗ್ಗಗಳನ್ನು ಸಹಿಸಬಹುದು, ಆ ನಡುವಿನ ಕಾಯುವಿಕೆಯನ್ನು ಸಹಿಸಲಾಗದು. ಒಂದು ದಿನ ಕಚೇರಿಯಲ್ಲಿ ಅಮಲ್ದಾರರು "ರಾಮಾಂಜಿನಪ್ಪ…" ಎಂದು ನಿಲ್ಲಿಸಿದಾಗ ನಾನು "ಪಟಕ್" ಎಂದೆ. ಆವತ್ತೇ ಮನೆ ಮಾರುವುದೆಂದು ತೀರ್ಮಾನಿಸಿದೆ.

ಹೆಂಡತಿಗೆ ಹೇಳಲಿಲ್ಲ. ಗದ್ದಲವಿಲ್ಲದ ಇನ್ನೊಂದು ಬಾವಿಯ ಮನೆ ಕೊಂಡ ಮೇಲೆ ಹೇಳಿದರಾಯಿತು ಎಂದುಕೊಂಡೆ. ಆದರೆ ಈ ಮನೆಯನ್ನು ಕೊಳ್ಳುವವರು ಯಾರು? ಊರೆಲ್ಲ ಗೊತ್ತಿದ್ದ ಬೀದಿ ಇದು. ಗೊತ್ತಿಲ್ಲದವನೊಬ್ಬ ಬೇಕು, ಅವನು ಅಮಾವಾಸ್ಯೆಯ ದಿನ ಬರಬೇಕು. ಅಮಾವಾಸ್ಯೆಯ ದಿನ ಮನೆ ನೋಡಲು ಬರುವ ಪುಣ್ಯಾತ್ಮ ಈ ಭೂಮಿಯ ಮೇಲೆ ನಾನಲ್ಲದೆ ಇನ್ನೊಬ್ಬನಿದ್ದಾನೆಯೇ?

ಇದ್ದ. ದೊಡ್ಡಬೆಳವಂಗಲದಿಂದ ಹೊಸದಾಗಿ ಬಂದಿದ್ದ ಮೇಷ್ಟ್ರು ಪಿಳ್ಳಣ್ಣ. ಕಾಫಿ ಕ್ಲಬ್ಬಿನಲ್ಲಿ ಕೂತು ಒಂದು ದೋಸೆಯನ್ನು ಹಲ್ಲಿಗೊಂದು ಸಲದಂತೆ ಅಗಿಯುತ್ತಿದ್ದುದನ್ನು ಕಂಡೆ. ಪಕ್ಕದಲ್ಲಿ 'ಗೃಹಚಂದ್ರಿಕೆ' ಇತ್ತು. ಗುರುಬಂಧುವನ್ನು ಕಂಡು ಕಣ್ಣು ತುಂಬಿ ಬಂತು.

"ಮನೆ ಬೇಕಾಗಿದೆ ಸಾರ್. ಆದ್ರೆ ನಿಶ್ಶಬ್ದ ಇರ್ಬೇಕು" ಎಂದ.

"ಐದನೇ ಗೋಡೆ!" ಎಂದೆ.

ಅವನು ನನ್ನ ಕೈ ಹಿಡಿದುಕೊಂಡ. "ಬರೋ ಅಮಾವಾಸ್ಯೆ ದಿನ ಬರ್ಲಾ ಸಾರ್? ಆವತ್ತು ಬೇರೆ ಗಿರಾಕಿ ಇರಲ್ಲ ನೋಡಿ" ಎಂದು ಅವನೇ ಕೇಳಿದ. ದೇವರಾಣೆಗೂ ನಾನು ಹೇಳಿಕೊಡಲಿಲ್ಲ.

ಅಮಾವಾಸ್ಯೆ ಬಂತು. ಬೀದಿ ಋಷ್ಯಾಶ್ರಮವಾಯಿತು. ಮುನಿತಾಯಮ್ಮನನ್ನು ಲಕ್ಕಮ್ಮನ ಜೊತೆ ದೇವಸ್ಥಾನಕ್ಕೆ ಕಳಿಸಿದೆ. ಮಗ್ಗದ ಮೇಲೆ ದೊಡ್ಡ ಜಮಖಾನ ಹೊದಿಸಿದೆ. ಮೇಷ್ಟ್ರು ಬಂದ.

"ಇದೇನು ಸಾರ್, ಚಪ್ಪರದ ಮಂಚಾನಾ?"

ನನ್ನ ನಾಲಿಗೆ ತಾನೇ ತಾನಾಗಿ ಹೊರಳಿತು. "ನೀವೇನಂದ್ರೆ ಅದೇ ಮೇಷ್ಟ್ರೇ."

"ಬೀದೀಲಿ ಗೂಟ ಇದೆಯಲ್ಲ, ಮಕ್ಕಳು ಆಟ ಆಡೋಕಾ?"

"ನೀವೇನಂದ್ರೆ ಅದೇ."

ಹಿತ್ತಲಿಗೆ ಕರೆದುಕೊಂಡು ಹೋದೆ. ಅವನು ಬಾವಿಗೆ ಒಂದು ಕಲ್ಲು ಹಾಕಿದ. ಗುಳುಂ! ಕಣ್ಣು ಮುಚ್ಚಿದ. ನಾನೂ ಮುಚ್ಚಿದೆ. "ಆಹಾ, ಎಂಥಾ ನಿಶ್ಶಬ್ದ ಸಾರ್! ಈ ಬೀದಿ ಯಾವಾಗಲೂ—"

ಲಟಕ್.

ಇಬ್ಬರೂ ಕಣ್ಣು ತೆರೆದೆವು.

"ಅದೇನು ಸಾರ್?" ಎಂದ ಮೇಷ್ಟ್ರು.

ನಾನು ಬಾಯಿ ತೆಗೆಯುವಷ್ಟರಲ್ಲಿ, ಪಟಕ್. ಆಮೇಲೆ ನಡುವೆ ಬಿಡುವೇ ಇಲ್ಲದೆ ಲಟಕ್-ಪಟಕ್, ಲಟಕ್-ಪಟಕ್. ಅವಳ ಕೈ ಕುದುರಿದ್ದು ಆವತ್ತೇ! ಇಡೀ ಬೀದಿ ಉಸಿರು ಕಟ್ಟಿ ಕೂತಿದ್ದ ದಿನ, ಇದ್ದ ಒಂದೇ ಒಂದು ಗದ್ದಲ ನನ್ನ ಸ್ವಂತ ಮನೆಯಿಂದ ಹೊರಟು, ಹಿತ್ತಲು ದಾಟಿ, ಬಾವಿಯೊಳಗೆ ಇಳಿದು ಎರಡಾಗಿ ಮೇಲೆ ಬಂತು.

ಪಡಸಾಲೆಗೆ ಓಡಿ ಬಂದೆವು. ಜಮಖಾನ ಮೂಲೆಯಲ್ಲಿ ಬಿದ್ದಿತ್ತು. ಮುನಿತಾಯಮ್ಮ ಸೀರೆ ಎತ್ತಿ ಕಟ್ಟಿ ಗುಂಡಿಯಲ್ಲಿ ಕೂತು ಲಾಳಿ ಎಸೆಯುತ್ತಿದ್ದಳು.

"ಓ, ನೆಂಟ್ರು ಬಂದವ್ರಾ?" ಎಂದಳು ಕೈ ನಿಲ್ಲಿಸದೆ. "ಕೂತ್ಕೊಳ್ಳಿ ಅಣ್ಣ. ನಾಳೆಯಿಂದ ಇಡೀ ಬೀದೀದು ಶುರುವಾಗುತ್ತೆ, ಆಗ ಮಾತಾಡೋಕೆ ಆಗಲ್ಲ. ಏನಾದ್ರೂ ಕೇಳೋದಿದ್ರೆ ಈಗಲೇ ಕೇಳಿ."

ಮೇಷ್ಟ್ರು ಮಗ್ಗವನ್ನು ನೋಡಿದ, ಗುಂಡಿಯನ್ನು ನೋಡಿದ, ಬಾಗಿಲಾಚೆಯ ಗೂಟಗಳನ್ನು ನೋಡಿದ. ಕೊನೆಗೆ ನನ್ನನ್ನು ನೋಡಿದ. "ನೀವೂ ಸುಖಜೀವಿಗಳ ಭಕ್ತರು ಅಂದ್ರಲ್ಲ ಸಾರ್…" ಎಂದು ಹೊರಟುಹೋದ. ಆ ನೋಟ ಇನ್ನೂ ಚುಚ್ಚುತ್ತದೆ.

ಅಷ್ಟರಲ್ಲಿ ಬೈಲಪ್ಪ ಗಾಬರಿಯಿಂದ ಓಡಿ ಬಂದ. "ತಾಯಮ್ಮಕ್ಕ! ಏನು ಮಾಡ್ತಾ ಇದ್ದೀಯ? ಇವತ್ತು ಅಮಾಸೆ! ಮಗ್ಗ ಮುಟ್ಟಬಾರದು!"

"ಅಮಾಸೆ ರಜ ನಿಮಗೆ ಬೈಲಪ್ಪಣ್ಣ. ನಾವು ನೇಗಿಲು ಹಿಡಿಯೋರು. ನಮಗೆ ಸೋಮವಾರ. ನಮ್ಮಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟೋರಲ್ಲ. ನಾನೂ ಸೋಮವಾರ ಮಗ್ಗ ಮುಟ್ಟಲ್ಲ. ನಿಮ್ಮ ರಜ ನಿಮಗೆ, ನಮ್ಮ ರಜ ನಮಗೆ."

ಬೈಲಪ್ಪ ತಲೆ ಕೆರೆದುಕೊಂಡು, "ಅದೂ ಸರಿಯೇ" ಎಂದು ಹೋದ. ನಾನು ಗುಂಡಿಯ ಅಂಚಿನಲ್ಲಿ ಹೋಗಿ ಕೂತೆ.

"ಯಾಕೆ ಹೀಗೆ ಮಾಡ್ದೆ ಕಣೇ? ಬಂದ ಗಿರಾಕೀನ ಓಡಿಸಿಬಿಟ್ಟೆಯಲ್ಲ!"

ಅವಳು ಈಗ ಲಾಳಿ ಕೆಳಗಿಟ್ಟಳು. "ಅಮಾಸೆ ದಿನ ನೀವು ನನ್ನ ದೇವಸ್ಥಾನಕ್ಕೆ ಕಳಿಸಿದಾಗಲೇ ಗೊತ್ತಾಯ್ತು, ಗಿರಾಕಿ ಬರ್ತಾನೆ ಅಂತ. ನನ್ನ ಅಡ್ಡಿಕೆ ಆ ಬಾವೀಲಿದೆ. ಬಾವಿ ಮಾರೋಕೆ ನೀವ್ಯಾರು? ನನ್ನ ಒಂದು ಮಾತು ಕೇಳಿದ್ರಾ?"

ಸೋತ ಗಂಡಸಿಗೂ ಬಾಯಿ ಇರುತ್ತದಲ್ಲ. "ಇದು ಗದ್ದಲದ ಮನೆ ಅಂತ ಮೊದಲೇ ಗೊತ್ತಿದ್ರೆ ನಾನು ಕೊಳ್ತಾನೇ ಇರಲಿಲ್ಲ" ಎಂದೆ.

"ಅದಕ್ಕೇ ಅಲ್ವಾ ಹೇಳಲಿಲ್ಲ."

"ಏನಂದೆ?"

"ವಠಾರದ ಬಾವಿ ಬತ್ತಿದಾಗ ನಾನು ಇಲ್ಲಿಗೇ ಬಂದು ನೀರು ಒಯ್ತಾ ಇದ್ದೆ. ಲಕ್ಕಮ್ಮನೇ ಅವಳ ಹಿತ್ತಲ ಕಡೆಯಿಂದ ಕರ್ಕೊಂಡು ಬಂದು ತೋರಿಸಿದ್ದು. ಬಾವಿ ನೋಡಿ, ಇದ್ರೆ ಈ ಮನೇಲೇ ಇರಬೇಕು ಅಂದ್ಕೊಂಡೆ. ಮಗ್ಗದ ಶಬ್ದಕ್ಕೆ ಯಾರೂ ತಗೊಳ್ತಾ ಇರಲಿಲ್ಲ, ಅಗ್ಗವಾಗೂ ಇತ್ತು. ಆದಿನಾರಾಯಣಪ್ಪನೋರ ಮನೆ ಮಾರಾಟಕ್ಕಿದೆ ಅಂತ ನಿಮ್ಮ ಕಿವಿಗೆ ಬೀಳೋ ಹಾಗೆ ಮಾಡಿದ್ಯಾರು? ಬೇರೆ ದಿನ ಹೋಗಿದ್ರೆ ಬೀದಿ ಕೊನೇಲೇ ಶಬ್ದ ಕೇಳಿ ವಾಪಸ್ ಬರ್ತಿದ್ರಿ. ನೀವು ಅಮಾಸೆ ದಿನವೇ ಹೋಗಬೇಕಾಗಿತ್ತು."

"ಮತ್ತೆ ಅಮಾಸೆ ದಿನ ಬೇಡವೇ ಬೇಡ ಅಂದೆಯಲ್ಲ!"

"ಹೋಗಿ ಅಂದಿದ್ರೆ ಹೋಗ್ತಿದ್ರಾ?"

ಎಮ್ಮೆ ಕಾಲು ನೆಕ್ಕಿದಾಗ ಕೂಡ ನನಗೆ ಇಷ್ಟು ಅವಮಾನವಾಗಿರಲಿಲ್ಲ. ಬೆಳಿಗ್ಗೆ ಮುಂಚೆ ಆದ ಮುದ್ದೆ, ಕೊಡವಿದ ಕೋಟು, "ದಣಿವಾಗುತ್ತೆ, ನೀವು ಬರಬೇಡಿ" ಎಂದ ಅಕ್ಕರೆ, ಎಲ್ಲ ಒಂದೊಂದಾಗಿ ಬಂದು ನನ್ನ ಮುಂದೆ ಕೂತವು. ಈ ಮನೆಯನ್ನು ಕೊಂಡವನು ನಾನು ಎಂದುಕೊಂಡಿದ್ದೆ. ಅಮಾವಾಸ್ಯೆಯ ದಿನ ಹೋಗಿ ಬಾವಿಗೆ ಕಲ್ಲು ಹಾಕಿ ಬಂದದ್ದಷ್ಟೇ ನನ್ನ ಪಾಲು.

ಅಂದಿನಿಂದ ನಮ್ಮ ಬೀದಿಯ ಲೆಕ್ಕ ಹೀಗಿದೆ: ಅಮಾವಾಸ್ಯೆಗೆ ಬೀದಿ ಸುಮ್ಮನಿರುತ್ತದೆ, ನಮ್ಮ ಮನೆ ಲಟಕ್ ಅನ್ನುತ್ತದೆ. ಸೋಮವಾರ ನಮ್ಮ ಮನೆ ಸುಮ್ಮನಿರುತ್ತದೆ, ಬೀದಿ ಪಟಕ್ ಅನ್ನುತ್ತದೆ. ನಾನು 'ಗೃಹಚಂದ್ರಿಕೆ' ಬಿಟ್ಟು ಪಂಚಾಂಗ ಓದುತ್ತೇನೆ. ಅಮಾವಾಸ್ಯೆಯೂ ಸೋಮವಾರವೂ ಒಟ್ಟಿಗೆ ಬೀಳುವ ಪುಣ್ಯದಿನ ವರ್ಷಕ್ಕೆ ಒಂದೋ ಎರಡೋ ಬರುತ್ತದೆ. ಇವತ್ತು ಆ ದಿನ. ಕಚೇರಿಗೆ ರಜ ಹಾಕಿ, ಪೂರ್ವಕ್ಕೆ ತಲೆ ಹಾಕಿ, ಐದನೆಯ ಗೋಡೆಗೆ ಒರಗಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬೀದಿಯಲ್ಲಿ ಸೊಲ್ಲಿಲ್ಲ. ಮನೆಯಲ್ಲಿ ಸೊಲ್ಲಿಲ್ಲ. ಆಹಾ—

ಮುನಿತಾಯಮ್ಮ ಬಂದು ನಿಂತಿದ್ದಾಳೆ. ಕೈಯಲ್ಲಿ ನೂಲಿನ ಲಡಿ, ಕಂಕುಳಲ್ಲಿ ನೂಲು ಸುತ್ತುವ ರಾಟೆ. ಕತ್ತಿನಲ್ಲಿ ಅಡ್ಡಿಕೆಯಿಲ್ಲ, ಆದರೆ ಅಡ್ಡಿಕೆ ಹಾಕಿಕೊಂಡವಳ ಗತ್ತಿದೆ.

"ಸುಮ್ಮನೆ ಕೂತಿದ್ದೀರಲ್ಲ. ಮಗ್ಗ ಮುಟ್ಟಬಾರದು ಸರಿ, ನಾಳೆಗೆ ನೂಲಾದ್ರೂ ಸುತ್ತಿಡಬಹುದು. ಹೆಂಗಸರು ಮುಟ್ಟೋ ಹಾಗಿಲ್ಲ ಇವತ್ತು, ಗಂಡಸರು ಸುತ್ತಿದ್ರೆ ದೋಷ ಇಲ್ವಂತೆ."

"ಹಾಗಂತ ಯಾರು ಹೇಳಿದ್ದು?"

"ನಾನು."

ರಾಟೆಯನ್ನು ನನ್ನ ಮುಂದಿಟ್ಟಳು. ತಿರುಗಿಸಿ ನೋಡಿದೆ. ಕಿರ್ರ್ರೋ ಎಂದು ಇಡೀ ಬೀದಿಗೆ ಕೇಳಿಸಿತು. ಪಕ್ಕದ ಜಗುಲಿಯಲ್ಲಿ ಮಲಗಿದ್ದ ಬೈಲಪ್ಪ ಎದ್ದು ಕೂತು, "ಏನು ಗುಮಾಸ್ತ್ರೇ, ಅಮಾಸೆ ದಿನವಾದ್ರೂ ಸ್ವಲ್ಪ ನಿದ್ದೆ ಮಾಡಾಕೆ ಬಿಡ್ರಲ್ಲ!" ಎಂದು ಕೂಗಿದ.

"ಏನೂ ಶಬ್ದ ಇಲ್ಲ ಅಲ್ವಾ ಇದರದ್ದು?" ಎಂದಳು ಮುನಿತಾಯಮ್ಮ.

"ನೀನೇನಂದ್ರೆ ಅದೇ ಕಣೇ" ಎಂದೆ.